ಗುಟ್ಟು ಕಾಯುವ ಸಾಹೇಬರು

ಲಿಫ್ಟ್ ತಪಾಸಣಾ ಇಲಾಖೆಯ ಆಡಳಿತ ಶಾಖೆಯಲ್ಲಿ ಮೇಲ್ವಿಚಾರಕರಾಗಿದ್ದ ಸಾಹೇಬರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಇನ್ನೆಲ್ಲೂ ಯಾರೂ ಬಳಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು 'ಊಟಾಯ್ತಾ ಸಾಹೇಬರು'. ಬಾಗಿಲ ಕಾವಲುಗಾರನಿಂದ ಶುರುಮಾಡಿ, ಮೂರು ಮಹಡಿ ಮೆಟ್ಟಿಲು ಹತ್ತುವ ದಾರಿಯಲ್ಲಿ ಎದುರಾದವರಿಗೆಲ್ಲ "ಊಟ ಆಯ್ತಾ?" ಎನ್ನುವುದು ಅವರ ವಾಡಿಕೆ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಯಾವ ಊಟ ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. "ಆಯ್ತು ಸಾರ್" ಎಂದುಬಿಟ್ಟರೆ ಅವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಮೆಟ್ಟಿಲು ಯಾಕೆ ಹತ್ತಬೇಕು ಅಂದರೆ, ಊರಿನ ಲಿಫ್ಟುಗಳಿಗೆಲ್ಲ ಸರ್ಟಿಫಿಕೇಟು ಕೊಡುವ ಆ ಕಚೇರಿಯ ಸ್ವಂತ ಲಿಫ್ಟು ಕೆಟ್ಟು ನಿಂತು ಬಹಳ ಕಾಲವಾಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಂಥ ಮನುಷ್ಯನ ಮೇಲೆ ಇಲಾಖೆ ಇನ್ನೊಂದು ಹೊಣೆಯನ್ನೂ ಹೊರಿಸಿತ್ತು. ಕಚೇರಿಯ ಒಳಗಿನ ತಪ್ಪನ್ನು ಒಳಗಿನವರೇ ಬಂದು ಹೇಳುವುದಾದರೆ ಕೇಳಿಸಿಕೊಳ್ಳಲು ಒಬ್ಬರನ್ನು ನೇಮಿಸಿ ಎಂದು ಮೇಲಿನಿಂದ ಆಜ್ಞೆ ಬಂದಿತ್ತು. 'ಗೋಪ್ಯ ದೂರು ಸ್ವೀಕಾರಾಧಿಕಾರಿ' ಎಂಬ ಉದ್ದನೆಯ ಹೆಸರಿನ ಆ ಹುದ್ದೆಗೆ ಹೆಚ್ಚಿನ ಸಂಬಳ ಇರಲಿಲ್ಲ, ಬೈಗುಳ ಮಾತ್ರ ಗ್ಯಾರಂಟಿ ಇತ್ತು. ಯಾರು ಒಪ್ಪುತ್ತೀರಿ ಎಂದು ನಿರ್ದೇಶಕಿ ಮೇಡಂ ಸಭೆಯಲ್ಲಿ ಕೇಳಿದಾಗ ಎಲ್ಲರೂ ನೆಲ ನೋಡಿದರು. ನಮ್ಮ ಸಾಹೇಬರೊಬ್ಬರು ಮಾತ್ರ, ಪಾಪ, ಈ ಯಮ್ಮನಿಗೆ ಊಟ ಆಯಿತೋ ಇಲ್ಲವೋ ಎಂದು ಯೋಚಿಸುತ್ತ ಮೇಡಂ ಮುಖವನ್ನೇ ನೋಡುತ್ತಿದ್ದರು. ಕೆಲಸ ಅವರ ಕೊರಳಿಗೆ ಬಿತ್ತು.

ನಿಯಮ ಸರಳವಾಗಿತ್ತು. ದೂರುವವರು ಬರೆದುಕೊಡಬೇಕಾಗಿಲ್ಲ; ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಾಯಲ್ಲಿ ಹೇಳಿದರೆ ಸಾಕು. ಸಾಹೇಬರು ವಿಷಯವನ್ನು ಮಾತ್ರ ನಿರ್ದೇಶಕಿಯವರ ವಿಚಾರಣಾ ಸಮಿತಿಗೆ ತಲುಪಿಸಬೇಕು. ಹೇಳಿದವರು ಯಾರು ಎಂಬುದು ಸಾಹೇಬರ ಹೊಟ್ಟೆಯಲ್ಲೇ ಉಳಿಯಬೇಕು. ಹೊಟ್ಟೆಯ ಬಗ್ಗೆ ಸಾಹೇಬರಿಗೆ ಭಾರಿ ನಂಬಿಕೆ. "ನನ್ನ ಹೊಟ್ಟೆಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲು" ಎಂದು ಹೇಳಿಕೊಳ್ಳುತ್ತಿದ್ದರು.

ಹಾಗೆ ನೋಡಿದರೆ ಅವರ ಕಾಲದಲ್ಲಿ ಬಂದಿದ್ದದ್ದು ಒಂದೇ ಒಂದು ದೂರು. ಕಚೇರಿಯ ಜೀಪು ಯಾರದೋ ಮನೆಯ ಸಾಮಾನು ಸಾಗಿಸುತ್ತಿದೆ ಎಂದು ಡ್ರೈವರೊಬ್ಬ ಬಂದು ಹೇಳಿದ್ದ. ವಾರ ಕಳೆಯುವುದರೊಳಗೆ ಹೇಳಿದವನು ಅವನೇ ಎಂದು ಕಚೇರಿಗೆಲ್ಲ ಗೊತ್ತಾಗಿಹೋಯಿತು. ಅವನನ್ನು ಊರಾಚೆಯ ಗೋದಾಮಿಗೆ ಎತ್ತಿಹಾಕಿದರು, ಅವನು ಬೇಸತ್ತು ಕೆಲಸವನ್ನೇ ಬಿಟ್ಟ. ಗುಟ್ಟು ರಟ್ಟಾದದ್ದು ಹೇಗೆಂದು ಸಾಹೇಬರೇ ಕೂತು ತನಿಖೆ ನಡೆಸಿದರು. ತಿಂಗಳುಗಟ್ಟಲೆ ಹುಡುಕಿ, ಕೋಣೆಯ ಕಿಟಕಿಗೆ ಪರದೆ ಇಲ್ಲದಿದ್ದದ್ದೇ ಕಾರಣ ಎಂದು ತೀರ್ಮಾನಿಸಿ, ದಪ್ಪನೆಯ ನೀಲಿ ಪರದೆ ಹಾಕಿಸಿದರು.

ಆ ಪರದೆಯ ಮರೆಯಲ್ಲಿ ಒಂದು ಮಧ್ಯಾಹ್ನ ಬಂದು ಕೂತವಳು ಮೆಕ್ಯಾನಿಕ್ ಹುಡುಗಿ. ಕೆಲಸಕ್ಕೆ ಸೇರಿ ವರ್ಷ ತುಂಬುತ್ತ ಬಂದಿತ್ತು. ಅವಳನ್ನು ಕಾಯಂ ಮಾಡುವ ಕಾಗದಕ್ಕೆ ತಿಂಗಳ ಕೊನೆಯೊಳಗೆ ಸಹಿ ಬೀಳಬೇಕಿತ್ತು. ಸಹಿ ಹಾಕಬೇಕಾದವರು ಹಿರಿಯ ಇನ್‌ಸ್ಪೆಕ್ಟರು. ಅವಳ ದೂರು ಇದ್ದದ್ದೂ ಅವರ ಮೇಲೆಯೇ.

ಹಿರಿಯ ಇನ್‌ಸ್ಪೆಕ್ಟರಿಗೂ ಒಂದು ಅಡ್ಡಹೆಸರಿತ್ತು, 'ಕಿವಿ ಸಾಹೇಬರು'. ಲಿಫ್ಟಿನ ಬಾಗಿಲಿಗೆ ಕಿವಿ ಆನಿಸಿದರೆ ಸಾಕು, ಒಳಗಿನ ರೋಗವೆಲ್ಲ ತಿಳಿದುಬಿಡುತ್ತದೆ ಎಂಬುದು ಅವರೇ ಹಬ್ಬಿಸಿದ್ದ ಕೀರ್ತಿ. ನಗುಮುಖದ ಮನುಷ್ಯ, ಮಾತಿನ ಮಲ್ಲ. ಊಟಾಯ್ತಾ ಸಾಹೇಬರೂ ಅವರೂ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದವರು; ಅಂದಿನಿಂದ ಮಧ್ಯಾಹ್ನದ ಡಬ್ಬಿ ಬಿಚ್ಚುವುದು ಒಂದೇ ಮೇಜಿನಲ್ಲಿ.

"ಹೆರಿಗೆ ಆಸ್ಪತ್ರೆ ಲಿಫ್ಟು ಸಾರ್," ಎಂದಳು ಹುಡುಗಿ. "ಹಗ್ಗ ಕಡಿದ್ರೆ ಅಲ್ಲೇ ಹಿಡ್ಕೊಂಡು ನಿಲ್ಸೋಕೆ ಅಂತ ಒಂದು ಬ್ರೇಕ್ ಇರುತ್ತೆ. ಭಾರ ತುಂಬಿ, ಅದು ಹಿಡಿಯುತ್ತಾ ಇಲ್ವಾ ಅಂತ ನೋಡ್ಬೇಕು. ನಾವು ಆಸ್ಪತ್ರೆ ಒಳಗೇ ಹೋಗ್ಲಿಲ್ಲ. ಎದುರುಗಡೆ ಹೋಟ್ಲಲ್ಲಿ ಟೀ ಕುಡೀತಾ ಸರ್ಟಿಫಿಕೇಟಿಗೆ ಸಹಿ ಹಾಕಿದ್ರು. ನಾನು ಕೇಳಿದ್ದಕ್ಕೆ, ಇಲ್ಲಿಂದಾನೇ ಕೇಳಿಸ್ತಿದೆ ಕಣಮ್ಮ, ಚೆನ್ನಾಗಿದೆ ಅಂದ್ರು."

ಸಾಹೇಬರಿಗೆ ನಗು ಬಂತು. ಕಿವಿ ಸಾಹೇಬರು ಅದನ್ನು ಹೇಗೆ ಹೇಳಿರಬಹುದು ಎಂಬುದು ದನಿಯ ಸಮೇತ ಕಣ್ಣಿಗೆ ಕಟ್ಟಿತು. ಆದರೆ ಹುಡುಗಿ ನಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸ್ ಮೆತ್ತಿದ್ದ ಬೆರಳುಗಳನ್ನು ಒಂದಕ್ಕೊಂದು ಹೆಣೆದು ಹಿಚುಕಿಕೊಳ್ಳುತ್ತಿದ್ದಳು.

"ಬಸುರಿ ಹೆಂಗಸರನ್ನ ಮಂಚದ ಸಮೇತ ಅದರಲ್ಲಿ ಮೇಲಕ್ಕೆ ಕರ್ಕೊಂಡ್ಹೋಗ್ತಾರೆ ಸಾರ್. ನಂಗೆ ಊಟ ಸೇರ್ತಿಲ್ಲ. ಆದ್ರೆ ನಾನೇ ಹೇಳಿದ್ದು ಅಂತ ಗೊತ್ತಾದ್ರೆ ನನ್ನ ಕೆಲಸ ಹೋಯ್ತು ಅಂತಾನೇ. ಮನೇಲಿ ದುಡಿಯೋಳು ನಾನೊಬ್ಳೇ."

ಊಟ ಸೇರುತ್ತಿಲ್ಲ ಎಂದರೆ ಸಾಹೇಬರಿಗೆ ಅದಕ್ಕಿಂತ ದೊಡ್ಡ ಸಂಕಟ ಲೋಕದಲ್ಲಿಲ್ಲ. "ನೀನು ಹೆದರಬೇಡಮ್ಮ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ನನ್ನ ಹೆಂಡತಿ ಹತ್ರಾನೂ ಬಾಯಿ ಬಿಡಲ್ಲ" ಎಂದು ಮಾತು ಕೊಟ್ಟರು. ಅವತ್ತೇ ಸಮಿತಿಗೆ ವಿಷಯ ಮುಟ್ಟಿಸಿದರು. ಸಮಿತಿ ಎಂದ ಮೇಲೆ ಕೇಳಬೇಕೆ, ಮುಂದಿನ ತಿಂಗಳು ಕೂತು ನೋಡೋಣ ಎಂಬ ಉತ್ತರ ಬಂತು.

ಮರುದಿನ ಬೆಳಗ್ಗೆ ಎರಡನೇ ಮಹಡಿಯ ಮೆಟ್ಟಿಲಲ್ಲಿ ಹುಡುಗಿ ಎದುರಾದಳು. ಮಾತಾಡಿಸಿದರೆ ದನಿ ನಡುಗಬಹುದು, ನಕ್ಕರೆ ಅವಳ ಮೇಲೆ ವಿಶೇಷ ಅಕ್ಕರೆ ಎಂದು ಯಾರಾದರೂ ಕಂಡುಹಿಡಿಯಬಹುದು. ಇವಳಿಗೂ ನನಗೂ ಯಾವ ಸಂಬಂಧವೂ ಇಲ್ಲ ಎಂಬುದು ಎಲ್ಲರಿಗೂ ಕಾಣಬೇಕು ಎಂದು ಸಾಹೇಬರು ನಿಂತಲ್ಲೇ ನಿರ್ಧರಿಸಿ, ಗಕ್ಕನೆ ಗೋಡೆಯ ಕಡೆ ತಿರುಗಿ, 'ಬೆಂಕಿ ಬಿದ್ದಾಗ ಏನು ಮಾಡಬೇಕು' ಎಂಬ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಹುಡುಗಿ "ಸಾರ್" ಎಂದದ್ದು ಕೇಳಿಸಿತು. ಅವರು ಓದುವುದನ್ನು ನಿಲ್ಲಿಸಲಿಲ್ಲ.

ಅಲ್ಲಿಂದ ಇದೇ ಕಥೆ. ಅವಳು ಊಟದ ಕೋಣೆಗೆ ಬಂದರೆ ಸಾಹೇಬರ ಚಮಚ ಮೇಜಿನ ಕೆಳಗೆ ಬೀಳುತ್ತಿತ್ತು, ಅವಳು ಹೋಗುವವರೆಗೂ ಸಿಗುತ್ತಿರಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಅವಳು ಕಂಡರೆ ಈ ತುದಿಯಲ್ಲಿ ಇವರು ಸಿಕ್ಕ ಬಾಗಿಲಿಗೆ ನುಗ್ಗುತ್ತಿದ್ದರು. ಹಾಗೆ ಒಮ್ಮೆ ಕಸಬರಿಗೆ ಇಡುವ ಗೂಡಿಗೆ ನುಗ್ಗಿ, ಹೊರಬರುವಾಗ ಏನಾದರೂ ಕೈಯಲ್ಲಿ ಇರಲಿ ಎಂದು ಒಂದು ಕಸಬರಿಗೆ ಹಿಡಿದುಕೊಂಡು ತಮ್ಮ ಕುರ್ಚಿಗೆ ಹೋಗಿ ಕೂತರು. ಉಳಿದವರಿಗೆಲ್ಲ "ಊಟ ಆಯ್ತಾ" ಮೊದಲಿಗಿಂತ ದುಪ್ಪಟ್ಟಾಯಿತು. ಕಾವಲುಗಾರನಿಗೆ ಹೋಗುವಾಗಲೂ ಬರುವಾಗಲೂ ಸಿಕ್ಕಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಎನ್ನುತ್ತಾರಲ್ಲ, ಆ ಬೆಕ್ಕಿಗೆ ನಮ್ಮ ಸಾಹೇಬರು ಪಾಠ ಹೇಳಬಹುದಿತ್ತು. ಗುಟ್ಟನ್ನು ಇಷ್ಟು ಚೆನ್ನಾಗಿ ಕಾಪಾಡುತ್ತಿದ್ದೇನೆ ಎಂದು ಅವರಿಗೆ ಒಳಗೊಳಗೇ ಹೆಮ್ಮೆ ಬೇರೆ.

ಸಾಹೇಬರ ಹೆಂಡತಿ ಬಟ್ಟೆ ಹೊಲಿಯುವವರು. ಸಂಜೆ ಸಾಹೇಬರು ಎದುರಿಗೆ ಕೂತು ಕಚೇರಿಯ ಸುದ್ದಿಯನ್ನೆಲ್ಲ ಹರಟುವುದು, ಆಕೆ ಹೊಲಿಯುತ್ತ ಹೂಂಗುಟ್ಟುವುದು ಆ ಮನೆಯ ರೂಢಿ. ಒಂದು ಸಂಜೆ ಆಕೆ ಲಂಗದ ಅಂಚು ಮಡಿಸುತ್ತ, ಸೂಜಿಯಿಂದ ಕಣ್ಣೆತ್ತದೆ ಕೇಳಿದರು, "ರೀ, ಆ ಮೆಕ್ಯಾನಿಕ್ ಹುಡುಗಿ ಯಾರ ಮೇಲೆ ದೂರು ಕೊಟ್ಳು?"

ಕುಡಿಯುತ್ತಿದ್ದ ನೀರು ಸಾಹೇಬರ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ, "ಯಾರು ಹೇಳಿದ್ದು ನಿಂಗೆ?" ಎಂದರು.

"ನೀವೇ."

"ನಾನು ಆ ಹುಡುಗಿ ಹೆಸರೇ ಎತ್ತಿಲ್ಲ ಕಣೇ!"

"ಅದೇ ಮತ್ತೆ. ದಿನಾ ಎಲ್ಲರ ಪುರಾಣ ಹೇಳ್ತಿದ್ರಿ. ಅವಳು ಸ್ಪ್ಯಾನರ್ ಮರೆತಿದ್ದು, ಅವಳ ಚಪ್ಪಲಿ ಕಿತ್ತಿದ್ದು, ಏನೂ ಬಿಡ್ತಿರಲಿಲ್ಲ. ಈಗ ಎಲ್ಲರೂ ಬರ್ತಾರೆ, ಅವಳೊಬ್ಬಳು ಬರಲ್ಲ. ನನ್ನ ತಮ್ಮ ಹೇಳದೆ ಕೇಳದೆ ಮದುವೆ ಮಾಡ್ಕೊಂಡಾಗ ನಿಮ್ಮ ಕಿವೀಲಿ ಮಾತ್ರ ಊದಿದ್ನಲ್ಲ, ಆಗಲೂ ಅಷ್ಟೇ. ಅವನು ಮನೆಗೆ ಬಂದ್ರೆ ನೀವು ಹಿತ್ತಲಿಗೆ ಹೋಗಿ ನಿಲ್ತಿದ್ರಿ. ಅವತ್ತೇ ಅಂದ್ಕೊಂಡೆ, ಇವನೇನೋ ಮಾಡ್ಕೊಂಡಿದ್ದಾನೆ ಅಂತ." ಆಕೆ ದಾರವನ್ನು ಹಲ್ಲಿನಿಂದ ಕಡಿದರು. "ಮನೇಲಿ ಕೂತಿರೋ ನನಗೇ ಗೊತ್ತಾಗಿದೆ ಅಂದ್ರೆ, ನಿಮ್ಮ ಕಚೇರೀಲಿ ಯಾರಿಗೆ ಗೊತ್ತಾಗಿರಲ್ಲ?"

ಸಾಹೇಬರ ಕಣ್ಣ ಮುಂದೆ ಆ ಡ್ರೈವರು ಬಂದ. ಅವನ ಜೀಪು ಎದುರಿಗೆ ಬಂದಾಗಲೆಲ್ಲ ತಾವು ಕೊಡೆ ಬಿಚ್ಚಿ ಮುಖ ಮರೆಸಿಕೊಂಡದ್ದು, ಸುಡು ಬಿಸಿಲಲ್ಲಿ ಬಿಚ್ಚಿದ ಕೊಡೆಯನ್ನು ನೋಡಿ ಕಾವಲುಗಾರ ನಕ್ಕದ್ದು, ಎಲ್ಲ ನೆನಪಾಯಿತು. ಕಿಟಕಿಯಲ್ಲ, ಪರದೆಯಲ್ಲ. ಒಬ್ಬನ ಅನ್ನ ಕಿತ್ತದ್ದು ತಮ್ಮ ಈ ಮೋರೆ. ತಿಂಗಳುಗಟ್ಟಲೆ ತಾವೇ ಕಳ್ಳನನ್ನು ಹುಡುಕಿದ್ದರಲ್ಲ, ಅದನ್ನು ನೆನೆದು ಅವರಿಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು. ಅವತ್ತು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರು. ಅವರು ಹಾಗೆ ಏಳುವುದನ್ನು ಹೆಂಡತಿ ನೋಡಿದ್ದು ಅದೇ ಮೊದಲು.

ಮರುದಿನ ಸಾಹೇಬರು ಗಟ್ಟಿ ಮನಸ್ಸು ಮಾಡಿ ಹೊರಟರು. ಹುಡುಗಿಯನ್ನು ಎಲ್ಲರಂತೆಯೇ ಮಾತಾಡಿಸಿಬಿಡಬೇಕು, ಅಷ್ಟೇ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಭ್ಯಾಸ ಮಾಡಿದರು. ಪಕ್ಕದಲ್ಲಿ ಕೂತಿದ್ದವರು "ಆಯ್ತು" ಎಂದು ಉತ್ತರವನ್ನೂ ಕೊಟ್ಟರು. ಆದರೆ ಅವಳು ಎದುರು ಬಂದಾಗ ಅಷ್ಟು ದಿನ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. "ಊಟ ಆಯ್ತಾ? ನಿನ್ನೆ ಆಯ್ತಾ? ಮೊನ್ನೆ ಆಯ್ತಾ? ಮನೇಲಿ ಎಲ್ಲರದೂ ಆಯ್ತಾ?" ಎಂದು ಕಾರಿಡಾರು ಮೊಳಗುವಂತೆ ಕೇಳಿಬಿಟ್ಟರು. ಕಂಪ್ಯೂಟರುಗಳ ಹಿಂದಿನಿಂದ ಒಂದೊಂದೇ ತಲೆ ಮೇಲೆದ್ದವು. ಹುಡುಗಿ ಬಿಳಿಚಿಕೊಂಡು, "ಆ... ಆಯ್ತು ಸಾರ್" ಎಂದು ಓಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಸಾಹೇಬರು ಹೆಗಲನ್ನು ತೊಳೆದು, ಒರೆಸಿ, ಎಲ್ಲರಿಗೂ ತೋರಿಸಿದರು.

ಆ ಮಧ್ಯಾಹ್ನ ಕಿವಿ ಸಾಹೇಬರು ಡಬ್ಬಿ ಬಿಚ್ಚುತ್ತ ನಿಧಾನವಾಗಿ ಕೇಳಿದರು, "ಏನಯ್ಯಾ, ಆ ಹುಡುಗಿ ಜೊತೆ ಮಾತು ಬಿಟ್ಟಿದ್ದೆಯಂತೆ, ಇವತ್ತು ಮತ್ತೆ ಶುರು ಮಾಡಿದೆಯಂತೆ?"

"ಯಾವ ಹುಡುಗಿ?" ಎಂದರು ಸಾಹೇಬರು. ಚಮಚ ತಾನಾಗಿಯೇ ಕೆಳಗೆ ಬಿತ್ತು.

ಕಿವಿ ಸಾಹೇಬರು ಬಗ್ಗಿ ಅದನ್ನು ಎತ್ತಿಕೊಟ್ಟು, ಬಾಯ್ತುಂಬ ನಕ್ಕರು. "ಒಳ್ಳೇ ಹುಡುಗಿ ಕಣಯ್ಯ. ಕೈ ಬಹಳ ಸೂಕ್ಷ್ಮ. ಅದಕ್ಕೇ ನಾಳೆಯಿಂದ ತಪಾಸಣೆಗೆ ಬರೋದು ಬೇಡ, ಹಳೇ ಸಾಮಾನು ಒರೆಸು ಅಂದಿದ್ದೀನಿ. ಅವಳ ಕಾಗದಾನೂ ನನ್ನ ಮೇಜಿನ ಮೇಲೇ ಇದೆ. ಕಾಯಂ ಮಾಡೋಕೆ ಇನ್ನೂ ಪಕ್ವ ಆಗಿಲ್ಲ ಅಂತ ಬರೆಯೋಣ ಅಂತಿದ್ದೀನಿ. ನೀನೇನಂತೀಯ?"

ಎಷ್ಟೋ ವರ್ಷಗಳಿಂದ ಹಂಚಿಕೊಂಡು ತಿಂದ ಊಟ ಸಾಹೇಬರ ಬಾಯಲ್ಲಿ ಮಣ್ಣಾಯಿತು. ಈ ಮನುಷ್ಯನ ಮೇಲೆ ಅವರಿಗೆ ಸಿಟ್ಟು ಬಂದದ್ದು ಅದೇ ಮೊದಲು, ಮತ್ತು ಆ ಸಿಟ್ಟು ಬಹಳ ಕಾಲ ಉಳಿಯಿತು.

ಗಾಬರಿಯಲ್ಲಿ ಸಾಹೇಬರು ಇನ್ನೊಂದು ಎಡವಟ್ಟು ಮಾಡಿದರು. ತಾನು ಮಾತು ಬಿಟ್ಟವರ ಮೇಲೆ ಅನುಮಾನ ಬರುವುದಾದರೆ, ಇನ್ನೊಬ್ಬರ ಜೊತೆಗೂ ಮಾತು ಬಿಟ್ಟರಾಯಿತಲ್ಲ ಎಂದು ಉಗ್ರಾಣದ ಗುಮಾಸ್ತನನ್ನು ನೋಡಿಯೂ ನೋಡದಂತೆ ಹೋದರು. ಗುಮಾಸ್ತನೋ ಶುದ್ಧ ಪುಕ್ಕಲ. ಮಧ್ಯಾಹ್ನದೊಳಗೆ ಅವನ ಪಕ್ಕದ ಕುರ್ಚಿಗಳು ಖಾಲಿಯಾದವು, ಟೀ ಕುಡಿಯಲು ಅವನನ್ನು ಯಾರೂ ಕರೆಯಲಿಲ್ಲ. ಸಂಜೆ ಅವನು ಸಾಹೇಬರ ಕೋಣೆಗೆ ಬಂದು ಅಳುವ ದನಿಯಲ್ಲಿ, "ಸಾರ್, ನಿಮ್ಮ ದಮ್ಮಯ್ಯ, ಎಲ್ಲರ ಎದುರಿಗೆ ಬಂದು ಒಂದು ಸಲ ಊಟ ಆಯ್ತಾ ಅಂದ್ಬಿಡಿ" ಎಂದ. ಸಾಹೇಬರು ಹೋಗಿ ಅಂದರು. ಒಬ್ಬಳನ್ನು ನೀರಿನಿಂದ ಎತ್ತಲು ಇನ್ನೊಬ್ಬನನ್ನು ತಳ್ಳುವುದು ತಮ್ಮಿಂದ ಆಗದ ಕೆಲಸ ಎಂಬುದು ಅವರಿಗೆ ಖಾತ್ರಿಯಾಯಿತು.

ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಬೇರೆ ದಾರಿ ಕಾಣದೆ, ಹುದ್ದೆ ಸಿಕ್ಕಾಗ ಕೊಟ್ಟಿದ್ದ ನಿಯಮಗಳನ್ನು ಸಾಹೇಬರು ಮೊದಲ ಬಾರಿಗೆ ಪೂರ್ತಿ ಓದಿದರು. ಅದರಲ್ಲಿ ಒಂದು ಕಡೆ ಹೀಗಿತ್ತು: ದೂರು ಕೊಟ್ಟವರ ಗುರುತು ಕಚೇರಿಯ ತಪ್ಪಿನಿಂದಲೇ ಹೊರಬಿದ್ದಿದೆ ಎಂದು ದೂರು ಬಂದರೆ, ಅವರ ನೌಕರಿಯ ಯಾವ ಕಾಗದಕ್ಕೂ ಆರೋಪ ಹೊತ್ತವರು ಸಹಿ ಹಾಕುವಂತಿಲ್ಲ, ನಿರ್ದೇಶಕರೇ ಹಾಕಬೇಕು, ಸಮಿತಿಯೂ ತಡಮಾಡದೆ ಕೂರಬೇಕು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಕೆಳಗಿನ ಸಾಲು ಓದಿ ಮತ್ತೆ ಕೂತರು. ಅಂಥ ದೂರನ್ನೂ ಗೋಪ್ಯ ದೂರು ಸ್ವೀಕಾರಾಧಿಕಾರಿಯ ಮುಂದೆ ಬಾಗಿಲು ಮುಚ್ಚಿದ ಕೋಣೆಯಲ್ಲೇ ಹೇಳಬೇಕಂತೆ.

ಬೇರೆಯವರಾಗಿದ್ದರೆ ನೇರವಾಗಿ ಮೇಡಂ ಹತ್ತಿರ ಹೋಗಿ ತಪ್ಪಾಯಿತು ಎನ್ನುತ್ತಿದ್ದರು. ನಮ್ಮ ಸಾಹೇಬರು ನಿಯಮ ಎಂದರೆ ನಿಯಮ ಎನ್ನುವ ಜಾತಿ. ಎದ್ದು ಬಾಗಿಲು ಮುಚ್ಚಿದರು. ನೀಲಿ ಪರದೆ ಎಳೆದರು. ದೂರುವವರ ಕುರ್ಚಿಯಲ್ಲಿ ಕೂತು ಕೆಮ್ಮಿದರು. ಆಮೇಲೆ ಎದ್ದು ಬಂದು ಅಧಿಕಾರಿಯ ಕುರ್ಚಿಯಲ್ಲಿ ಕೂತು, ಎದುರಿನ ಖಾಲಿ ಕುರ್ಚಿಗೆ, "ಹೆದರಬೇಡಿ, ಹೇಳಿ" ಎಂದರು.

ಮತ್ತೆ ಆ ಕಡೆಗೆ ಹೋದರು. "ದೂರು ಅಧಿಕಾರಿ ಮೇಲೇ ದೂರಿದೆ ಸಾರ್. ಬಾಯಿ ಬಿಡಲ್ಲ ಅಂತಾರೆ, ಮೋರೇಲಿ ಊರಿಗೆಲ್ಲ ಸಾರ್ತಾರೆ. ಒಬ್ಬ ಡ್ರೈವರ್ ಕೆಲಸ ಆಗಲೇ ಹೋಗಿದೆ. ಈಗ ಇನ್ನೊಬ್ಬರದು ಹೋಗೋದ್ರಲ್ಲಿದೆ."

ಈ ಕಡೆಗೆ ಬಂದರು. "ದೂರಿದ್ದಕ್ಕೆ ನಿಮಗೆ ಯಾರಿಂದಾದ್ರೂ ತೊಂದರೆ ಆಗೋ ಭಯ ಇದೆಯಾ?" ಇದು ಎಲ್ಲರನ್ನೂ ಕೇಳಲೇಬೇಕಾದ ಪ್ರಶ್ನೆ.

ಆ ಕಡೆಗೆ ಹೋಗಿ ಬಹಳ ಹೊತ್ತು ಯೋಚಿಸಿದರು. "ಇಲ್ಲ ಸಾರ್," ಎಂದರು ಕೊನೆಗೆ. "ಆಗಬೇಕಾದವರಿಗೆ ಆಗಲೇ ಆಗಿದೆ."

ಅವತ್ತೇ ದೂರು ಸಮಿತಿಗೆ ಹೋಯಿತು. ಇಷ್ಟಕ್ಕೇ ಮುಗಿಯುತ್ತಿತ್ತೇನೋ, ಆದರೆ ದೂರುದಾರ ಯಾರೆಂಬ ಗುಟ್ಟನ್ನು ಕಾಪಾಡುವ ಹೊಣೆ ಮತ್ತೆ ಸಾಹೇಬರದೇ ಆಯಿತಲ್ಲ! ಮೂರನೇ ಮಹಡಿಯಲ್ಲಿ ಕೈತೊಳೆಯುವ ಜಾಗದ ಹತ್ತಿರ ಒಂದು ಕನ್ನಡಿ ಇತ್ತು. ದಿನಾ ಅಲ್ಲಿ ನಿಂತು ಇದ್ದ ನಾಲ್ಕು ಕೂದಲನ್ನು ಸಾಹೇಬರು ಬಾಚಿಕೊಳ್ಳುತ್ತಿದ್ದರು. ಎರಡು ದಿನವಾದ ಮೇಲೆ ಟಪಾಲು ವಿಭಾಗದ ಮೇಡಂ, ಕಚೇರಿಯ ಸಕಲ ಸುದ್ದಿಗೂ ಠಸ್ಸೆ ಒತ್ತುವವರು, ಅವರನ್ನು ಅಲ್ಲೇ ಅಡ್ಡಗಟ್ಟಿದರು.

"ಸಾರ್, ಎರಡು ದಿನದಿಂದ ನೋಡ್ತಿದ್ದೀನಿ. ಕನ್ನಡಿ ಹತ್ರ ಬಂದ್ರೆ ತಲೆ ತಗ್ಗಿಸ್ಕೊಂಡು ಓಡ್ತೀರಿ. ಕ್ರಾಪು ಕೆದರಿದೆ, ಮೀಸೆಗೆ ಟೂತ್‌ಪೇಸ್ಟು ಹತ್ತಿದೆ." ಮೇಡಂ ದನಿ ತಗ್ಗಿಸಿದರು. "ಈ ಸಲ ದೂರು ಕೊಟ್ಟೋರು ನೀವೇನಾ?"

"ಯಾವ ಕನ್ನಡಿ?" ಎಂದರು ಸಾಹೇಬರು, ಛಾವಣಿ ನೋಡುತ್ತ. ಟಪಾಲು ಮೇಡಂ ಸೆರಗು ಬಾಯಿಗೊತ್ತಿಕೊಂಡು ಹೋದರು. ಸಂಜೆಯೊಳಗೆ ಕೆಳಗಿನ ಕಾವಲುಗಾರನವರೆಗೆ ಸುದ್ದಿ ಇಳಿದಿತ್ತು.

ಸಮಿತಿ ತಡಮಾಡದೆ ಕೂತಿತು. ನಿರ್ದೇಶಕಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಗುರುತು ಹೊರಗೆ ಬಿದ್ದಿದೆ ಅಂತ ದೂರು ಬಂದಿದೆ. ಯಾರ ಮೇಲೆ?" ಎಂದರು.

"ನನ್ನ ಮೇಲೆ ಮೇಡಂ."

"ಕೊಟ್ಟೋರು ಯಾರು?"

"ಅದನ್ನ ಹೇಳೋ ಹಾಗಿಲ್ಲ ಮೇಡಂ. ನಿಯಮ."

ಮೇಡಂ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು. "ಆ ದೂರುದಾರರು ದಿನಾ ನಿಮ್ಮ ಬಸ್ಸಲ್ಲೇ ಬರ್ತಾರಾ?"

ಸಾಹೇಬರು ಛಾವಣಿಯ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದರು. ಸಮಿತಿಯ ಇನ್ನಿಬ್ಬರು ನಗು ತಡೆಯಲು ನೀರು ಕುಡಿದರು. ಆದರೆ ಮೇಡಂ ಮುಂದಿನ ಪ್ರಶ್ನೆ ಕೇಳುವಾಗ ಯಾರೂ ನಗಲಿಲ್ಲ. "ಈ ಆರೋಪಕ್ಕೆ ನೀವೇನಂತೀರಿ?"

"ನಿಜ ಅಂತೀನಿ ಮೇಡಂ," ಎಂದರು ಸಾಹೇಬರು, ಈಗ ಅವರನ್ನೇ ನೋಡುತ್ತ. "ಡ್ರೈವರ್ ವಿಷಯದಲ್ಲೂ ನಿಜ, ಈಗಲೂ ನಿಜ. ನನ್ನನ್ನ ತೆಗೀರಿ. ಆದ್ರೆ ಆ ಆಸ್ಪತ್ರೆ ಲಿಫ್ಟನ್ನ ಮೊದಲು ನೋಡಿ. ಕಾಯಂ ಮಾಡೋ ಆ ಕಾಗದಕ್ಕೆ ನೀವೇ ಸಹಿ ಹಾಕ್ಬೇಕು ಅಂತ ನಿಯಮಾನೇ ಹೇಳುತ್ತೆ."

ಮರುದಿನವೇ ಆಸ್ಪತ್ರೆಯ ಲಿಫ್ಟಿಗೆ ಕಬ್ಬಿಣದ ಭಾರ ತುಂಬಿ ನೋಡಿದರು. ಬ್ರೇಕು ಹಿಡಿಯಲಿಲ್ಲ. ಲಿಫ್ಟು ಕೆಳಗಿನವರೆಗೂ ಜಾರಿ, ತಳದ ಸ್ಪ್ರಿಂಗಿಗೆ ಬಡಿದು ನಿಂತಿತು. ಒಳಗೆ ಇದ್ದದ್ದು ಕಬ್ಬಿಣ ಮಾತ್ರ. ಲಿಫ್ಟಿಗೆ ಬೀಗ ಬಿತ್ತು, ಕಿವಿ ಸಾಹೇಬರನ್ನು ರಜೆಯ ಮೇಲೆ ಕಳಿಸಿದರು, ಹುಡುಗಿಯ ಕಾಗದಕ್ಕೆ ನಿರ್ದೇಶಕಿಯವರೇ ಸಹಿ ಹಾಕಿದರು. ಡ್ರೈವರನ್ನು ವಾಪಸು ಕರೆಯಲು ಹೇಳಿಕಳಿಸಿದರೆ, ತಾನು ಶಾಲೆಯ ವ್ಯಾನು ಓಡಿಸಿಕೊಂಡು ಹಾಯಾಗಿದ್ದೇನೆ, ಮಕ್ಕಳ ಗಲಾಟೆ ನಿಮ್ಮ ಕಚೇರಿಗಿಂತ ವಾಸಿ ಎಂದ. ಸಾಹೇಬರಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಗುಟ್ಟು ಕಾಯುವ ಹುದ್ದೆ ಹೋಯಿತು. ಹೆಂಡತಿಗೆ ಹೇಳಿದಾಗ ಆಕೆ, "ಅದೊಂದು ಒಳ್ಳೇದಾಯ್ತು ಬಿಡಿ" ಎಂದು ಹೊಲಿಗೆ ಮುಂದುವರಿಸಿದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎನ್ನಬಹುದಿತ್ತು. ಆದರೆ ಕಚೇರಿ ಎಂಬುದು ವಿಚಿತ್ರ ಸಂಸಾರ. ಕಿವಿ ಸಾಹೇಬರು ತಪ್ಪು ಮಾಡಿದ್ದು ಹೌದು ಎಂದು ಎಲ್ಲರೂ ಒಪ್ಪುತ್ತಿದ್ದರು. ಆದರೂ ಅವರ ನಗೆಮಾತಿಲ್ಲದೆ ಊಟದ ಕೋಣೆ ಭಣಭಣ ಎನ್ನುತ್ತಿದೆ ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರೆಲ್ಲ ಹುಡುಗಿಯ ತಲೆಯ ಮೇಲೆ ಬಂತು. ಯಾರೂ ಅವಳನ್ನು ಬೈಯಲಿಲ್ಲ. ಅವಳು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ಕೆಲಸ ಕಾಯಂ ಆದ ಮೊದಲ ದಿನ ಅವಳು ಊಟದ ಕೋಣೆಯ ಮೂಲೆಯ ಮೇಜಿನಲ್ಲಿ ಡಬ್ಬಿ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಸಾಹೇಬರು ತಮ್ಮ ಹಳೆಯ ಮೇಜಿನ ಹತ್ತಿರ ಹೋಗಿ ನಿಂತರು. ಅಲ್ಲಿ ಉಗ್ರಾಣದ ಗುಮಾಸ್ತ ಅವರಿಗಾಗಿ ಕುರ್ಚಿ ಎಳೆದಿಟ್ಟಿದ್ದ. ಅವರು ಅದನ್ನು ದಾಟಿ ಮೂಲೆಗೆ ಹೋಗಿ, ಹುಡುಗಿಯ ಎದುರು ಕೂತು ಡಬ್ಬಿ ಬಿಚ್ಚಿದರು.

ಹುಡುಗಿ ಗಾಬರಿಯಿಂದ ಸುತ್ತ ನೋಡಿದಳು. "ಸಾರ್, ನೀವು ಇಲ್ಲಿ ಕೂತ್ರೆ ಜನ ಏನೇನೋ ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡಮ್ಮ."

ಅವಳು ಮುಚ್ಚಳ ತೆಗೆದಳು. ತುತ್ತು ಕಲಸಿದಳು, ಬಾಯಿಗಿಡಲಿಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಸಾರ್. ಅವತ್ತು ಮೆಟ್ಟಿಲ ಮೇಲೆ ಗೋಡೆ ಕಡೆ ತಿರುಗಿದ್ರಲ್ಲ. ನಾನು ಹೇಳಿದ್ದು ಯಾರಿಗೂ ಗೊತ್ತಾಗಬಾರದು ಅಂತ ಹಾಗೆ ಮಾಡಿದ್ರಿ ಅಂತ ನನಗೆ ಹೊಳೀಲೇ ಇಲ್ಲ. ನಾನು ಮಾಡಿದ್ದೇ ತಪ್ಪೇನೋ, ಅದಕ್ಕೇ ನಿಮಗೆ ನನ್ನ ಮುಖ ನೋಡೋಕೆ ಅಸಹ್ಯ ಆಗಿದೆಯೇನೋ ಅಂದ್ಕೊಂಡೆ. ಮನೆಗೆ ಹೋಗಿ ಅತ್ತುಬಿಟ್ಟೆ."

ಗುಟ್ಟು ಹೊರಬೀಳುತ್ತದೆ ಎಂದು ಸಾಹೇಬರು ಇಷ್ಟು ದಿನ ನೂರು ಬಗೆಯಲ್ಲಿ ಹೆದರಿದ್ದರು. ಈ ಒಂದು ಬಗೆ ಅವರ ತಲೆಗೆ ಹೊಳೆದಿರಲೇ ಇಲ್ಲ. ಸುತ್ತಲಿನ ಮೇಜುಗಳಲ್ಲಿ ಚಮಚಗಳ ಸದ್ದು ನಿಂತಿತ್ತು. ಕಿವಿಗಳೆಲ್ಲ ಈ ಕಡೆಗೇ ಇದ್ದವು. ಅವರಿಗೆ ಅದು ಗೊತ್ತಾಯಿತು. ದನಿ ತಗ್ಗಿಸಬೇಕು ಎಂದು ಒಂದು ಕ್ಷಣ ಅನ್ನಿಸಿತು, ಹಳೆಯ ಚಾಳಿ.

"ನೀನು ಮಾಡಿದ್ದು ಸರಿ ಕಣಮ್ಮ," ಎಂದರು ಸಾಹೇಬರು, ಕೋಣೆಯ ಆ ತುದಿಯವರೆಗೂ ಕೇಳುವ ಹಾಗೆ. "ತಪ್ಪು ಮಾಡಿದ್ದು ನಾನು. ಉಣ್ಣು."